ಓಡಾಡುವ ಹೈದ ಇಲ್ಲವಾದ ಮೇಲೆ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಬಸ್ ನಿಲ್ದಾಣಗಳ ಸುತ್ತ ಶ್ರದ್ಧಾಂಜಲಿ ಫ್ಲೆಕ್ಸ್ ಇಲ್ಲದ ತಿಂಗಳು ಅಪರೂಪ. ಬೈಕಿಗೆ ಒರಗಿ ನಿಂತ ಹುಡುಗನ ಫೋಟೊ, 'ಮತ್ತೆ ಹುಟ್ಟಿ ಬಾ' ಎಂಬ ಸಾಲು, ಕೆಳಗೆ ಗೆಳೆಯರ ಬಳಗದ ಮುಖಗಳು. ಊರವರನ್ನು ಕೇಳಿದರೆ ಬಹಳ ಸಲ ಬರುವ ಮಾತು ಒಂದೇ: ಎಲ್ಲರ ಕೆಲಸಕ್ಕೂ ಓಡಾಡುತ್ತಿದ್ದ ಹೈದ. ಅವನು ಮನೆಯಲ್ಲಿ ತಂಗಿಯ ಮದುವೆ ಸಾಲ ತೀರಿಸುತ್ತಿದ್ದವನು, ಊರಲ್ಲಿ ಅಜ್ಜಿಯರ ಪಿಂಚಣಿ ಕಾಗದ ಹಿಡಿದು ನಾಡಕಚೇರಿಗೆ ಅಲೆಯುತ್ತಿದ್ದವನು, ಅಪರಾತ್ರಿಯಲ್ಲಿ ರಕ್ತ ಬೇಕೆಂದರೆ ಎದ್ದು ಹೊರಡುತ್ತಿದ್ದವನು. ನಾವು ನೆನಪಿಟ್ಟುಕೊಳ್ಳುವುದು ಅವನ ಮುಖವನ್ನು, ಮರೆಯುವುದು ಅವನ ಕೆಲಸವನ್ನು. ತಿಥಿ ಊಟ ಮುಗಿದ ಮಾರನೇ ದಿನ ಆ ಅಜ್ಜಿಯ ಕಾಗದ ಯಾರ ಕೈಯಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ಸತ್ತವನ ಕೆಲಸವನ್ನು ಉಳಿಸಿಕೊಳ್ಳಲು ಸಾಧ್ಯ ಎನ್ನುವುದಕ್ಕೆ ಪಕ್ಕದ ತುಮಕೂರು ಜಿಲ್ಲೆಯ ಹರೀಶ್ ನಂಜಪ್ಪ ಸಾಕ್ಷಿ. 2016ರ ಫೆಬ್ರುವರಿ 16ರಂದು ಗುಬ್ಬಿ ಕಡೆಯ ತನ್ನೂರಿಗೆ ಮತ ಹಾಕಲು ಹೋಗಿದ್ದ ಈ ಯುವಕ ಬೈಕಿನಲ್ಲಿ ಬೆಂಗಳೂರಿಗೆ ಮರಳುವಾಗ ನೆಲಮಂಗಲದ ಬಳಿ ಲಾರಿಗೆ ಸಿಲುಕಿದ. ದೇಹ ಎರಡು ತುಂಡಾಗಿದ್ದಾಗಲೂ ತನ್ನ ಅಂಗಾಂಗ ದಾನ ಮಾಡಿ ಎಂದು ಬೇಡಿಕೊಂಡ. ಅವನ ಕಣ್ಣುಗಳನ್ನು ದಾನವಾಗಿ ಪಡೆಯಲಾಯಿತು. ರಾಜ್ಯ ಸರ್ಕಾರ ಮುಂದಿನ ತಿಂಗಳೇ 'ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆ' ತಂದಿತು. ರಾಜ್ಯದ ರಸ್ತೆಗಳಲ್ಲಿ ಗಾಯಗೊಂಡವರು ಯಾವ ಊರಿನವರಾದರೂ ಸರಿ, ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ ಸರ್ಕಾರವೇ ಕೊಡುವ ಏರ್ಪಾಡು ಅದು. 2018ರಲ್ಲಿ ಹಲವು ಆರೋಗ್ಯ ಯೋಜನೆಗಳನ್ನು 'ಆರೋಗ್ಯ ಕರ್ನಾಟಕ'ದಲ್ಲಿ ವಿಲೀನಗೊಳಿಸಿದಾಗ ಹರೀಶ್ ಹೆಸರಿನ ಯೋಜನೆಯೂ ಅದರೊಳಗೆ ಸೇರಿಹೋಯಿತು. ಸರ್ಕಾರವೂ ಮರೆಯಿತಲ್ಲ ಎಂದು ಕೆಲವರು ಬೇಸರಪಡಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿದೆ. ರಸ್ತೆಯಲ್ಲಿ ಬಿದ್ದವನ ಜೇಬು ನೋಡದೆ ಆಸ್ಪತ್ರೆ ಬಾಗಿಲು ತೆರೆಯಬೇಕೆಂಬುದು ಇವತ್ತು ದೇಶದ ನಿಯಮ. ಹೆಸರು ಅಳಿಸಿದರೂ ಕೆಲಸ ಬೆಳೆದಿದ್ದರೆ ಅದನ್ನು ಮರೆವು ಎನ್ನಲಾಗದು.

ಇದಕ್ಕೆ ತದ್ವಿರುದ್ಧವಾದದ್ದು ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕಥೆ. 2018ರ ನವೆಂಬರ್ 24ರ ಶನಿವಾರ ಪಾಂಡವಪುರದಿಂದ ಮಂಡ್ಯದ ಕಡೆ ಹೊರಟಿದ್ದ ಖಾಸಗಿ ಬಸ್ಸು ಕನಗನಮರಡಿ ಬಳಿ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟ ಮಕ್ಕಳೂ ಇದ್ದರು. ಮೊದಲು ನೀರಿಗಿಳಿದವರು ಸಮವಸ್ತ್ರ ತೊಟ್ಟವರಲ್ಲ, ಸುತ್ತಲ ಗದ್ದೆಗಳಲ್ಲಿದ್ದವರು, ಆಸುಪಾಸಿನ ಹಳ್ಳಿಯವರು. ಅದೇ ರಾತ್ರಿ ಮಂಡ್ಯದವರೇ ಆದ ನಟ, ರಾಜಕಾರಣಿ ಅಂಬರೀಶ್ ತೀರಿಕೊಂಡರು. ಮಾರನೇ ದಿನ ಮಂಡ್ಯ ಎರಡು ಸೂತಕ ಹೊತ್ತು ನಿಂತಿತ್ತು. ಅಂಬರೀಶರನ್ನು ನೆನೆಯುವುದು ಹೇಗೆಂದು ಜಿಲ್ಲೆಗೆ ಗೊತ್ತಿತ್ತು. ನಾಲೆಯಲ್ಲಿ ಹೋದವರನ್ನು ನೆನೆಯುವುದು ಹೇಗೆಂದು ಗೊತ್ತಾಗಲಿಲ್ಲ. 2023ರ ಜುಲೈನಲ್ಲಿ ಶ್ರೀರಂಗಪಟ್ಟಣ ತಾಲ್ಲೂಕಿನ ಗಾಮನಹಳ್ಳಿ ಬಳಿ ಕಾರು ನಾಲೆಗೆ ಬಿದ್ದು ನಾಲ್ವರು ಮಹಿಳೆಯರು, ನವೆಂಬರ್‌ನಲ್ಲಿ ಪಾಂಡವಪುರ ತಾಲ್ಲೂಕಿನ ಬನಘಟ್ಟ ಬಳಿ ಮತ್ತೆ ಐವರು ಪ್ರಾಣ ಬಿಟ್ಟರು. ತಡೆಗೋಡೆಯ ಬೇಡಿಕೆ ಪ್ರತಿ ಸಲವೂ ಹೆಣದ ಜೊತೆ ಎದ್ದು, ಹೆಣದ ಜೊತೆ ಮಣ್ಣಿಗೆ ಹೋಯಿತು. ನೀರಿಗೆ ಹಾರಿದ ಹುಡುಗರನ್ನು ಹೊಗಳುತ್ತ ಕೂತಷ್ಟು ದಿನ, ಅವರು ಹಾರಬೇಕಾಗಿ ಬಂದದ್ದೇಕೆ ಎಂದು ಕೇಳಬೇಕಾದವರು ನಿರಾಳವಾಗಿದ್ದರು.

ದುಃಖದಲ್ಲಿರುವ ಗೆಳೆಯರು ಸಾವಿರ ರೂಪಾಯಿಯ ಫ್ಲೆಕ್ಸ್ ಕಟ್ಟಿಸಿದರೆ ನಿಮ್ಮ ಗಂಟೇನು ಹೋಯಿತು ಎಂದು ಕೇಳುವವರಿದ್ದಾರೆ. ಏನೂ ಹೋಗಲಿಲ್ಲ. ಆ ಹುಡುಗರ ಸಂಕಟ ನಿಜವಾದದ್ದು, ಅದನ್ನು ಆಡಿಕೊಳ್ಳುವ ಹಕ್ಕು ಯಾರಿಗೂ ಇಲ್ಲ. ಆದರೆ ಫ್ಲೆಕ್ಸಿಗೆ ಒಂದೇ ಗಂಟೆಯಲ್ಲಿ ಚಂದಾ ಎತ್ತುವ ಬಳಗಕ್ಕೆ ಸತ್ತವನ ಮೊಬೈಲಿನಲ್ಲಿದ್ದ ರಕ್ತದಾನಿಗಳ ನಂಬರುಗಳನ್ನು ಬರೆದಿಟ್ಟುಕೊಳ್ಳುವ ಶಕ್ತಿಯೂ ಇದೆ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಪಿಂಚಣಿ, ಆಂಬುಲೆನ್ಸ್, ತಡೆಗೋಡೆ ಎಲ್ಲ ಸರ್ಕಾರದ ಹೊಣೆ, ಅದನ್ನು ಹುಡುಗರ ಹೆಗಲಿಗೆ ಹಾಕುವುದು ಯಾವ ನ್ಯಾಯ? ಒಪ್ಪುತ್ತೇನೆ. ಸೇವೆ ಎಂದು ನಾವು ಕೊಂಡಾಡುವುದರಲ್ಲಿ ಅರ್ಧದಷ್ಟು ಕಚೇರಿಗಳು ಮಾಡದೆ ಬಿಟ್ಟ ಕೆಲಸ. ಅದಕ್ಕೇ ಆ ಹುಡುಗನ ನೆನಪು ಗ್ರಾಮಸಭೆಯ ನಡಾವಳಿ ಪುಸ್ತಕಕ್ಕೂ ಹೋಗಬೇಕು. ಅವನು ವರ್ಷದಲ್ಲಿ ಎಷ್ಟು ಸಲ, ಯಾವ ಕೆಲಸಕ್ಕೆ, ಯಾವ ಕಚೇರಿಗೆ ಅಲೆದ ಎಂದು ಬರೆದು ಓದಿದರೆ ಅದಕ್ಕಿಂತ ದೊಡ್ಡ ದೂರು ಅರ್ಜಿ ಇನ್ನೊಂದಿಲ್ಲ.

ಎಲ್ಲವೂ ದೂರಿನಿಂದ ಆಗುವಂಥದ್ದಲ್ಲ. ರಕ್ತವನ್ನು ಯಾವ ಇಲಾಖೆಯೂ ತಯಾರಿಸಲಾರದು. ಗೆಳೆಯನ ಪುಣ್ಯತಿಥಿಯಂದು ರಕ್ತದಾನ ಶಿಬಿರ ನಡೆಸುವ ಒಳ್ಳೆಯ ರೂಢಿ ನಮ್ಮಲ್ಲಿ ಬೆಳೆದಿದೆ, ಅದನ್ನು ಮೆಚ್ಚಲೇಬೇಕು. ಆದರೆ ಸಂಗ್ರಹಿಸಿದ ಕೆಂಪು ರಕ್ತಕಣ ಹೆಚ್ಚೆಂದರೆ 42 ದಿನ ಬಾಳುತ್ತದೆ. ಪುಣ್ಯತಿಥಿ ಬರುವುದು ವರ್ಷಕ್ಕೊಮ್ಮೆ. ಹೆರಿಗೆಯ ರಕ್ತಸ್ರಾವ, ಹೆದ್ದಾರಿಯ ಅಪಘಾತ ಪಂಚಾಂಗ ನೋಡಿ ಬರುವುದಿಲ್ಲ. ಆರೋಗ್ಯವಂತ ಗಂಡಸು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ನಾಲ್ಕು ತಾಲ್ಲೂಕುಗಳ ಬಳಗಗಳು ತಮ್ಮ ತಮ್ಮ ಗೆಳೆಯರ ದಿನಗಳನ್ನು ಮುಂದಿಟ್ಟುಕೊಂಡು ಒಂದು ಸಲ ಕೂತು ಮಾತಾಡಿದರೆ ಸಾಕು, ಒಂದೇ ವಾರದಲ್ಲಿ ನಾಲ್ಕು ಶಿಬಿರ ಮಾಡಿ ಉಳಿದ ತಿಂಗಳು ಕೈಚೆಲ್ಲುವುದು ತಪ್ಪುತ್ತದೆ. ಒಂದೂರಿನ ಹುಡುಗನ ದಿನ ಕಳೆದು ಆರನೇ ವಾರ ಬರುವ ಹೊತ್ತಿಗೆ ಇನ್ನೊಂದೂರಿನ ಹುಡುಗನ ಹೆಸರಿನಲ್ಲಿ ತೋಳು ಚಾಚುವವರು ಇರಬೇಕು.