‘ಆರ್ಕೆಸ್ಟ್ರಾ’ಕ್ಕೂ ಕನ್ನಡಕ್ಕೂ ಏನು ಸಂಬಂಧ?

ಹೊರನಾಡಿನ ಕನ್ನಡಿಗರಿಗೆ ‘ಆರ್ಕೆಸ್ಟ್ರಾ’ ಎಂದರೆ ರಾಜ್ಯೋತ್ಸವದ ಸಂಜೆಯ ಒಂದು ಕೀಬೋರ್ಡು, ಒಂದು ರಿದಮ್ ಪ್ಯಾಡು, ಆಳೆತ್ತರದ ಧ್ವನಿವರ್ಧಕಗಳು ಮತ್ತು ಚಿತ್ರಗೀತೆಗಳ ರಸಮಂಜರಿ. ಅದರ ಮೇಲೆ ನಮಗೇನೂ ದ್ವೇಷವಿಲ್ಲ. ಅದಕ್ಕೆ ನಾವೂ ಕುಣಿದವರೇ. ನಮ್ಮ ತಕರಾರಿರುವುದು ಬೇರೊಂದು ಕಡೆ. ಕೂಕಟ್‌ಪಲ್ಲಿಯ ನಮ್ಮ ಬಳಗದಲ್ಲಿ, ತಿಂಗಳ ಸಭೆಗೆ ಬದಲಾಗಿ ಒಮ್ಮೆ ಎಲ್ಲರೂ ಕೂಡಿ ನಗರದಲ್ಲಿ ನಡೆಯುವ ಪಾಶ್ಚಾತ್ಯ ಚೇಂಬರ್ ಸಂಗೀತ ಕಚೇರಿಗೆ ಹೋಗೋಣವೆಂಬ ಸಲಹೆ ಬಂದೊಡನೆಯೇ ‘ಅದಕ್ಕೂ ಕನ್ನಡಕ್ಕೂ ಏನು ಸಂಬಂಧ?’ ಎಂಬ ಪ್ರಶ್ನೆ ಎದ್ದಿತು. ಕೇಳಿದವರು ಉತ್ತರವನ್ನು ನಿರೀಕ್ಷಿಸಿರಲಾರರು. ಆದರೂ ಕೊಡುತ್ತೇವೆ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳು’ ಮೊತ್ತಮೊದಲ ಬಾರಿಗೆ ಕೇಳಿಬಂದವು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್; ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ನಡೆಸಿದವರು ಫುರ್ಟ್‌ವೆಂಗ್ಲರ್; 4,800 ಡಾಲರುಗಳ ಭರವಸೆ ಕೊಟ್ಟು ಅದನ್ನು ಸಾಧ್ಯವಾಗಿಸಿದವರು ಮೈಸೂರಿನ ಜಯಚಾಮರಾಜ ಒಡೆಯರು. ರಷ್ಯವನ್ನು ತೊರೆದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಧ್ವನಿಮುದ್ರಿಸಲು ಹಣವಿತ್ತವರೂ ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೆ ಅರ್ಪಿಸಿದ. ಇದೇ ದೊರೆ ‘ಶ್ರೀವಿದ್ಯಾ’ ಅಂಕಿತದಲ್ಲಿ ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿದವರು. ಅರಮನೆಯ ಹಣ ಪ್ರಜೆಗಳದ್ದಲ್ಲವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. ನಿಜವೇ. ಹಾಗಿದ್ದಲ್ಲಿ ಆ ಸಂಗೀತದ ಮೇಲೆ ನಮ್ಮ ಅಜ್ಜಂದಿರ ಹಕ್ಕು ಇನ್ನಷ್ಟು ಗಟ್ಟಿಯಾಯಿತೆಂದೇ ನಾವು ತಿಳಿಯುತ್ತೇವೆ.

ಆ ಸಂಜೆ ಒಡೆಯರು ಸಭಾಂಗಣದಲ್ಲಿರಲಿಲ್ಲ. ಧ್ವನಿಮುದ್ರಣವಷ್ಟೇ ಮೈಸೂರಿಗೆ ಬಂದಿತು. ನಾವಾದರೋ ಕೂಕಟ್‌ಪಲ್ಲಿಯಲ್ಲಿ ಮೆಟ್ರೊ ಹತ್ತಿದರೆ ನೇರ ನಗರದ ನಡುವೆ ಇಳಿಯುತ್ತೇವೆ, ಆದರೂ ಇಯರ್‌ಫೋನ್ ಸಾಕೆನ್ನುತ್ತೇವೆ. ಎರಡು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೊ: ಈ ನಾಲ್ವರ ಕೂಟಕ್ಕೆ ನಿರ್ದೇಶಕನಿಲ್ಲ, ಮೈಕೂ ಬೇಡ. ಮೊದಲ ವಯೊಲಿನ್ನಿನವರು ಎಳೆದುಕೊಳ್ಳುವ ಉಸಿರೇ ಉಳಿದ ಮೂವರಿಗೆ ಎತ್ತುಗಡೆಯ ಸೂಚನೆ. ಆ ಉಸಿರು ಇಯರ್‌ಫೋನಿನಲ್ಲಿ ಕಾಣದು. ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಮಂದಿಯ ಎದುರು ನುಡಿಯುತ್ತಿದ್ದ ವೀಣೆಯ ಬಾಗೂ ಇದೇ ಆಗಿತ್ತು. ಅದನ್ನು ಧ್ವನಿವರ್ಧಕಕ್ಕೆ ಒಪ್ಪಿಸಿದವರು ಪಾಶ್ಚಾತ್ಯರಲ್ಲ, ನಾವೇ.

ಇನ್ನು ಎಲ್ಲಿ ಚಪ್ಪಾಳೆ ತಟ್ಟಬೇಕೆಂದು ತಿಳಿಯದೆ ಅವಮಾನವಾದೀತೆಂಬ ಅಳುಕು. ಹಿಂದಿನ ಸಾಲಿನಿಂದ ದುರುಗುಟ್ಟಿ ನೋಡುವ ಪಂಡಿತರು ಈ ಅಳುಕನ್ನು ಬೆಳೆಸಿದ್ದಾರೆ. 1778ರಲ್ಲಿ ಪ್ಯಾರಿಸ್ಸಿನ ಸಭಿಕರು ಮೊಟ್ಸಾರ್ಟನ ಸಿಂಫನಿಯ ನಡುನಡುವೆಯೇ ಚಪ್ಪಾಳೆ ತಟ್ಟಿದ್ದರು. ಅವನು ಅದನ್ನು ಹಿಗ್ಗಿನಿಂದ ತಂದೆಗೆ ಬರೆದು ತಿಳಿಸಿದ. ಪಂಡಿತರ ಈ ಮೌನವ್ರತ ಆಮೇಲೆ ಬಂದದ್ದು.

ಬರುವ ನವೆಂಬರಿನ ಆಯವ್ಯಯದಲ್ಲಿ ಧ್ವನಿವರ್ಧಕದ ಬಾಡಿಗೆಯಷ್ಟು ಹಣವನ್ನು ಕಚೇರಿಯ ಟಿಕೆಟಿಗೆಂದು ತೆಗೆದಿರಿಸಬೇಕೆಂದು ನಾವು ಬಳಗದ ಮುಂದೆ ಇಡುತ್ತಿದ್ದೇವೆ. ಬೇಡವೆನ್ನುವವರು ಕಾರಣ ಕೊಡಲಿ, ‘ಸಂಬಂಧ’ವೊಂದನ್ನು ಬಿಟ್ಟು.