ಇಸುಬಿಗೆ ಮೊಟ್ಟೆಯ ಮೇಲೆ ದೂರೇಕೆ?

ಮಗುವಿನ ಮೊಣಕೈ ಮಡಿಕೆಯಲ್ಲಿ, ಮಂಡಿಯ ಹಿಂದೆ ಇಸುಬು ಎದ್ದರೆ ನಮ್ಮ ಮನೆಗಳಲ್ಲಿ ಮೊದಲು ನಿಲ್ಲುವುದು ಮೊಟ್ಟೆ, ಹಾಲು. "ರಕ್ತ ಕೆಟ್ಟಿದೆ" ಎಂಬ ಮಾತು ಬೇರೆ. ಬೆಳೆಯುವ ಮಗುವಿಗೆ ಇದು ಅನ್ಯಾಯ. ತಟ್ಟೆಯನ್ನು ದೂರುವ ಮೊದಲು ಹವೆಯನ್ನು ನೋಡೋಣ.

ಸೇಲಂ, ಧರ್ಮಪುರಿ ಕಡೆ ಹಿಂಗಾರು ನಿಂತ ಮೇಲೆ ಗಾಳಿ ಒಣಗುತ್ತದೆ. ಕ್ರಿಸ್ಮಸ್ ಕಳೆದು ತಪಸ್ಸುಕಾಲ ಬರುವವರೆಗೆ ಬೆಳಿಗ್ಗೆ ಚಳಿ, ಮಧ್ಯಾಹ್ನ ಒಣ ಬಿಸಿಲು. ಇಸುಬಿರುವ ಚರ್ಮ ತೇವವನ್ನು ಹಿಡಿದಿಡಲಾರದು. ಒಣ ಗಾಳಿಗೆ ಬಿರಿದು ನವೆ ಏಳುತ್ತದೆ. ಏಪ್ರಿಲ್, ಮೇ ಬಂತೆಂದರೆ ಬೆವರೇ ಕೆರೆತ ತರುತ್ತದೆ. ಒಕ್ಕಣೆಯ ಧೂಳೂ ಒಳ್ಳೆಯದಲ್ಲ.

ಆದ್ದರಿಂದ ತಾಯಂದಿರೇ, ಬಿಸಿನೀರು ಬೇಡ. ಉಗುರುಬೆಚ್ಚಗಿನ ನೀರಿನಲ್ಲಿ 5-10 ನಿಮಿಷ ಸ್ನಾನ ಸಾಕು. ಉಜ್ಜದೆ ಒತ್ತಿ ಒರೆಸಿ, ಮೈ ತೇವವಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್ ಹಚ್ಚಿ. ಹತ್ತಿಬಟ್ಟೆ ತೊಡಿಸಿ, ಉಗುರು ಕತ್ತರಿಸಿ. ಅಂಗಡಿಯವರು ಕೊಟ್ಟ ಸ್ಟೀರಾಯ್ಡ್ ಮುಲಾಮನ್ನು ನೀವಾಗಿಯೇ ಹಚ್ಚಬೇಡಿ, ಚರ್ಮ ತೆಳುವಾದೀತು. ಕೀವು, ಜ್ವರ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಮೊಟ್ಟೆ ಬಿಡಿಸಬೇಕೋ ಬೇಡವೋ ಎಂಬುದನ್ನು ವೈದ್ಯರು ಹೇಳಲಿ, ನೆರೆಮನೆಯವರಲ್ಲ.