ಅಡಿಕೆಗೆ ಊರಿನ ಹೆಸರು

ಬೆಳ್ಳಾರೆಯ ಪೇಟೆಯಿಂದ ಪುತ್ತೂರು, ಮಂಗಳೂರುಗಳ ಮಾರ್ಗವಾಗಿ ಹೊರನಾಡಿಗೆ ಹೋಗುವ ಅಡಿಕೆಯ ಮೂಟೆಗೆ ಬೆಳ್ಳಾರೆಯ ಹೆಸರಿರುವುದಿಲ್ಲ. ವರ್ತಕರು ಅದನ್ನು ಗಾತ್ರಕ್ಕನುಸಾರವಾಗಿ ವಿಂಗಡಿಸಿ ಮೋತಿ, ಶ್ರೀವರ್ಧನ, ಜಾಮನಗರ ಎಂದು ಮುಂತಾಗಿ ಕರೆಯುತ್ತಾರೆ. ಶ್ರೀವರ್ಧನವು ಕೊಂಕಣದ ಒಂದು ಊರು. ಜಾಮನಗರವು ಗುಜರಾತದ ಪಟ್ಟಣ. ಮಣ್ಣು ನಮ್ಮದು, ಬೆವರು ನಮ್ಮದು, ಹೆಸರು ಮಾತ್ರ ಪರಸ್ಥಳದ್ದು. ಈ ಸ್ಥಿತಿಯಿಂದ ನಮ್ಮ ಕೃಷಿಕರಿಗೆ ಆಗುತ್ತಿರುವ ಹಾನಿಯನ್ನು ವಾಚಕರು ವಿಚಾರಮಾಡಬೇಕೆಂದು ನಮ್ಮ ಬಿನ್ನಹ.

ಇದಕ್ಕೆ ವಿರುದ್ಧವಾದ ಒಂದು ನಿದರ್ಶನವು ಇಟಲಿ ದೇಶದಲ್ಲಿದೆ. ಅಲ್ಲಿಯ ಪಿಯೆಮೊಂತೆ ಪ್ರಾಂತದ ಲಾಂಗೆ ಗುಡ್ಡಗಳಲ್ಲಿ ನೆಬ್ಬಿಯೋಲೊ ಎಂಬ ಒಂದೇ ಜಾತಿಯ ದ್ರಾಕ್ಷಿಯಿಂದ ಬರೋಲೊ ಎಂಬ ಕೆಂಪು ಮದ್ಯವನ್ನು ತಯಾರಿಸುತ್ತಾರೆ. ಮದ್ಯಪಾನವನ್ನು ಪ್ರಶಂಸಿಸುವುದು ನಮ್ಮ ಉದ್ದೇಶವಲ್ಲ. ಅಡಿಕೆಯ ಜಗಿತವೂ ದೇಹಕ್ಕೆ ಹಿತವಲ್ಲವೆಂದು ವೈದ್ಯಶಾಸ್ತ್ರಜ್ಞರು ನಿರ್ಣಯಿಸಿರುವುದನ್ನು ನಾವು ಬಲ್ಲೆವು. ಇಲ್ಲಿ ವಿಚಾರಾರ್ಹವಾದುದು ಆ ಜನರ ಭೂಮಿಜ್ಞಾನ. ಪಶ್ಚಿಮದ ಲಾ ಮೊರ್ರಾ ಗ್ರಾಮದ ನೀಲಿಛಾಯೆಯ ಸುಣ್ಣಮಿಶ್ರಿತ ಜೇಡಿಯಲ್ಲಿ ಬೆಳೆದ ದ್ರಾಕ್ಷಿಯ ರಸವು ಮೃದುವಾಗಿ ಸುಗಂಧಯುಕ್ತವಾಗಿರುತ್ತದೆ; ಪೂರ್ವದ ಸೆರ್ರಲುಂಗದ ಇನ್ನೂ ಪ್ರಾಚೀನವಾದ ಗಟ್ಟಿನೆಲದ್ದು ಒಗರಾಗಿ ದೀರ್ಘಕಾಲ ಬಾಳುತ್ತದೆ. ಬಳ್ಳಿ ಒಂದೇ, ನಡುವಣ ದೂರವು ಕೆಲವೇ ಮೈಲಿ. ಪೂರ್ಣವಾಗಿ ಉತ್ತರಕ್ಕೆ ಮುಖಮಾಡಿದ ಇಳಿಜಾರಿನ ಫಲಕ್ಕೆ ಬರೋಲೊ ಎಂಬ ಹೆಸರು ಸಲ್ಲದೆಂದೂ, 38 ತಿಂಗಳು ಮಾಗದೆ ಅದನ್ನು ಮಾರಕೂಡದೆಂದೂ ಅಲ್ಲಿ ನಿಯಮವಿದೆ. 2010ರಲ್ಲಿ ತೋಟತೋಟಕ್ಕೂ ಎಲ್ಲೆಗಳನ್ನು ಗುರುತಿಸಿ ಹೆಸರುಗಳನ್ನು ದಾಖಲೆಮಾಡಿದರು.

ಇಂತಹ ಜ್ಞಾನವು ನಮ್ಮವರಿಗೆ ಇಲ್ಲವೆಂದು ಯಾರೂ ಭಾವಿಸಬಾರದು. ಅಡಿಕೆಯ ಮರಕ್ಕೆ ನೀರು ಬೇಕು, ಬುಡದಲ್ಲಿ ನಿಂತ ನೀರು ಆಗದು. ಪಡುವಣ ಮತ್ತು ತೆಂಕಣ ಬಿಸಿಲು ಕಾಂಡವನ್ನು ಸುಡುತ್ತದೆ. ಆದುದರಿಂದಲೇ ಹಿರಿಯರು ಗುಡ್ಡಗಳ ನೆರಳಿರುವ ಕಣಿವೆಗಳನ್ನು ಆರಿಸಿ, ಬಸಿಗಾಲುವೆಗಳನ್ನು ತೆಗೆದು, ಮುರಕಲ್ಲಿನ ಕೆಮ್ಮಣ್ಣಿನಲ್ಲಿ ತೋಟಗಳನ್ನು ಮಾಡಿದರು. ಶಿರಸಿಯ ಕಡೆ ಎಳೆಗಾಯಿಯನ್ನು ಸುಲಿದು ಚೊಗರಿನಲ್ಲಿ ಬೇಯಿಸಿ ಕೆಂಪಡಿಕೆ ಮಾಡುವರು. ಇಲ್ಲಿ ಹಣ್ಣಡಿಕೆಯನ್ನು ಸುಮಾರು 40 ದಿನಗಳ ಬಿಸಿಲಿನಲ್ಲಿ ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುವರು. ಹೊಸ ಅಡಿಕೆಗಿಂತ ವರ್ಷ ಕಳೆದ ಚೋಲಿಗೂ, ಅದಕ್ಕಿಂತ ಹಳೆಯ ಡಬಲ್ ಚೋಲಿಗೂ ಹೆಚ್ಚಿನ ಬೆಲೆ ಬರುವುದು ಸರ್ವವಿದಿತ. ಕಾಲದ ಬೆಲೆಯನ್ನು ಮಾರುಕಟ್ಟೆಯು ಹೀಗೆ ಒಪ್ಪಿದೆ. ಸ್ಥಳದ ಬೆಲೆಯನ್ನು ಮಾತ್ರ ಒಪ್ಪಿಲ್ಲ. ಬೈಲಿನ ಅಡಿಕೆಯೂ ಗುಡ್ಡದ ಬದಿಯ ಅಡಿಕೆಯೂ ಮಂಡಿಯಲ್ಲಿ ಒಂದೇ ರಾಶಿಯಾಗುತ್ತವೆ.

ಹೆಸರಿಲ್ಲದ ಸರಕಿಗೆ ಪರರು ಹೇಳಿದುದೇ ಬೆಲೆ. ಧಾನ್ಯರೂಪದ ಕಂದಾಯವನ್ನು ಕಂಪೆನಿ ಸರಕಾರವು ನಗದಿಗೆ ಬದಲಾಯಿಸಿದಾಗ ನಮ್ಮ ರೈತರು ವರ್ತಕರ ದರಕ್ಕೆ ಬೆಳೆಯನ್ನು ಒಪ್ಪಿಸಬೇಕಾಯಿತು. 1837ರಲ್ಲಿ ಬೆಳ್ಳಾರೆಯ ಖಜಾನೆಯನ್ನು ವಶಮಾಡಿಕೊಂಡ ಅಮರಸುಳ್ಯದ ದಂಗೆಗೆ ಅದೂ ಒಂದು ಕಾರಣ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆಯು ಕುಸಿದ ಮೇಲೆಯೇ ವಾರಣಾಶಿ ಸುಬ್ರಾಯ ಭಟ್ಟರ ಪ್ರಯತ್ನದಿಂದ 1973ರಲ್ಲಿ ಕ್ಯಾಂಪ್ಕೊ ಸಂಸ್ಥೆಯು ಹುಟ್ಟಿತು. ಈಗ ವಿದೇಶದ ಅಗ್ಗದ ಅಡಿಕೆಯು ಬಂದು ನಮ್ಮದರೊಡನೆ ಬೆರೆಯುತ್ತಿದೆ. 2023ರಲ್ಲಿ ಕೇಂದ್ರ ಸರಕಾರವು ಆಮದಿನ ಕನಿಷ್ಠ ಬೆಲೆಯನ್ನು ಕಿಲೋಗ್ರಾಮಿಗೆ 351 ರೂಪಾಯಿಗೆ ಏರಿಸಿತು. ಆದರೆ ಗುರುತಿಲ್ಲದ ರಾಶಿಯಲ್ಲಿ ಸ್ವದೇಶಿಯಾವುದು, ಪರದೇಶಿಯಾವುದು? ಸಂಪಾಜೆ, ಅರಂತೋಡುಗಳ ತೋಟಗಳನ್ನು ಹಳದಿ ಎಲೆ ರೋಗವು ತಿನ್ನುತ್ತಿರುವಾಗ, ಉಳಿದ ಫಲಕ್ಕಾದರೂ ಯೋಗ್ಯ ಬೆಲೆ ದೊರೆಯಬೇಡವೆ?

ಇದಕ್ಕೆ ಕಾನೂನಿನ ಕೊರತೆಯಿಲ್ಲ. ಭೌಗೋಳಿಕ ಸೂಚಕಗಳ ಕಾಯಿದೆಯು 1999ರಲ್ಲಿ ಅಂಗೀಕೃತವಾಯಿತು. ಉಡುಪಿಯ ಬಳಿಯ ಮಟ್ಟು ಎಂಬ ಸಣ್ಣ ಗ್ರಾಮದ ಗುಳ್ಳ ಬದನೆಗೆ 2011ರಲ್ಲಿಯೂ, ಶಿರಸಿಯ ಅಡಿಕೆಗೆ 2019ರಲ್ಲಿಯೂ ಆ ಮಾನ್ಯತೆ ದೊರೆಯಿತು. ಬದನೆಗೆ ಸಾಧ್ಯವಾದುದು ಬೆಳ್ಳಾರೆಯ ಚಾಲಿಗೆ ಏಕೆ ಸಾಧ್ಯವಾಗದು?

ಸಹಕಾರಿ ಸಂಘಗಳು ಊರೂರಿನ ಅಡಿಕೆಯನ್ನು ಬೇರೆ ಬೇರೆಯಾಗಿ ದಾಸ್ತಾನುಮಾಡಿ ಊರಿನ ಹೆಸರಿನಲ್ಲಿಯೇ ಮಾರತಕ್ಕದ್ದು. ವಿಟ್ಲದ ಸಂಶೋಧನ ಕೇಂದ್ರದವರು ಬೈಲುಬೈಲಿನ ಮಣ್ಣನ್ನೂ ಫಲವನ್ನೂ ಪರೀಕ್ಷಿಸಿ ವ್ಯತ್ಯಾಸಗಳನ್ನು ಪ್ರಕಟಿಸತಕ್ಕದ್ದು. ಕೃಷಿಕರೂ ತಮ್ಮ ಒಳ್ಳೆಯ ಅಡಿಕೆಯೊಡನೆ ಹೀನವಾದುದನ್ನು ಬೆರೆಸುವ ದುರಾಶೆಯನ್ನು ಬಿಡಬೇಕು; ಹೆಸರು ಬಂದ ಬಳಿಕ ಅದನ್ನು ಕಾಯುವ ಹೊಣೆ ಅವರದೇ. ಕೊಳೆರೋಗಕ್ಕೆ ನಾವು ಇಂದು ಸಿಂಪಡಿಸುವ ಮೈಲುತುತ್ತು ಸುಣ್ಣಗಳ ಬೋರ್ಡೊ ದ್ರಾವಣವು 1885ರ ವೇಳೆಗೆ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಕಂಡುಹಿಡಿದ ಔಷಧ. ದ್ರಾಕ್ಷಿ ಬೆಳೆಯುವವರಿಂದ ಮರವನ್ನುಳಿಸುವ ಉಪಾಯವನ್ನು ಕಲಿತ ನಾವು, ಮಣ್ಣಿನ ಮಾನವನ್ನುಳಿಸುವ ಉಪಾಯವನ್ನೂ ಅವರಿಂದ ಕಲಿಯುವುದು ಉಚಿತ. ಸಂಬಂಧಪಟ್ಟವರು ಇನ್ನೂ ಕಾಲಹರಣಮಾಡದೆ ಕಾರ್ಯೋನ್ಮುಖರಾಗುವರೆಂದು ನಂಬುತ್ತೇವೆ.